ಜೇಜುರಿಯ ಅರಿಶಿನವೂ ಕಾರಿನ ರೇಡಿಯೇಟರೂ

ಪುಣೆಯಿಂದ ಹಡಪಸರದ ದಾರಿಯಾಗಿ ದಿವೇ ಘಾಟನ್ನೇರಿ, ಸಾಸವಡವನ್ನು ದಾಟಿ, ಒಟ್ಟು ಸುಮಾರು 50 ಕಿಲೋಮೀಟರು ಸಾಗಿದರೆ ಜೇಜುರಿಯ ಗುಡ್ಡ ಕಣ್ಣಿಗೆ ಬೀಳುತ್ತದೆ. ಮರಾಠಿಗರ ಖಂಡೋಬನೂ ನಮ್ಮ ಮೈಲಾರಲಿಂಗನೂ ಒಬ್ಬನೇ ಎಂಬುದು ವಾಚಕರಿಗೆ ತಿಳಿದ ವಿಷಯ. ಅಲ್ಲಿಯ ‘ಯೇಳ್ಕೋಟ್’ ಎಂಬ ಘೋಷವನ್ನು ಕೇಳಿದ ಕನ್ನಡಿಗನಿಗೆ ಹೂವಿನಹಡಗಲಿ ಕಡೆಯ ಮೈಲಾರದ ‘ಏಳುಕೋಟಿ’ ನೆನಪಾಗದಿರದು. ಹೊಸ ಕಾರು ಕೊಂಡವರು ಅದನ್ನು ಗುಡ್ಡದ ಬುಡಕ್ಕೆ ಕೊಂಡೊಯ್ದು, ಬಾನೆಟ್ಟಿನ ಮೇಲೆ ಭಂಡಾರವೆಂಬ ಅರಿಶಿನದ ಪುಡಿಯನ್ನು ಎರಚಿ, ತೆಂಗಿನಕಾಯಿ ಒಡೆದು ಬರುವ ಪದ್ಧತಿ ಪುಣೆಯ ನಮ್ಮ ಹೋಟೆಲು ಬಂಧುಗಳಲ್ಲಿಯೂ ಉಂಟು. ಇಂದು ಬರೆಯಹೊರಟಿರುವುದು ದೇವರ ವಿಷಯವನ್ನಲ್ಲ, ಬಾನೆಟ್ಟಿನ ಒಳಗಿನ ವಿಷಯವನ್ನು. ಎರಡಕ್ಕೂ ಅರಿಶಿನವೇ ನಂಟು.

ನನ್ನ ಅಕ್ಕನ ಮಗ ಎಂಟು ವರುಷ ಹಳೆಯದಾದ ಒಂದು ಕಾರನ್ನು ಕೊಂಡು, ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಜೇಜುರಿಗೆ ಹೊರಟನು. ನಾನೂ ಜತೆಗಿದ್ದೆ. ಭಾನುವಾರವಾದ ಕಾರಣ ದಿವೇ ಘಾಟಿನಲ್ಲಿ ವಾಹನಗಳ ಸಾಲು ಇರುವೆಯಂತೆ ತೆವಳುತ್ತಿತ್ತು. ಉಷ್ಣತೆಯ ಮುಳ್ಳು ಮೇಲೇರಿತೆಂದು ಅವನು ಒಮ್ಮೆ ಹೇಳಿದನಾದರೂ ನಾವಾರೂ ಕಿವಿಗೊಡಲಿಲ್ಲ. ದರ್ಶನ ಮುಗಿಸಿ, ಮೆಟ್ಟಿಲುಗಳನ್ನಿಳಿದು ಬಂದು ನೋಡುವಾಗ ಕಾರಿನ ಅಡಿಯಲ್ಲಿ ಹಸುರು ಬಣ್ಣದ ನೀರು ಮಡುಗಟ್ಟಿ ನಿಂತಿತ್ತು.

“ಮಾವಾ, ಮುಚ್ಚಳ ತೆಗೆದು ನೋಡಲೇ?” ಎಂದು ಕೇಳಿದನು.

“ಬಿಸಿ ಇದೆಯೋ ಇಲ್ಲವೋ ಮೊದಲು ನೋಡು ಮಾರಾಯ” ಎಂದೆ.

ನಾನು ಹಾಗೆ ಹೇಳುವುದಕ್ಕೆ ಕಾರಣವಿದೆ. ಇಪ್ಪತ್ತು ವರುಷಗಳ ಹಿಂದೆ, ಹೋಟೆಲು ನಡೆಸುತ್ತಿದ್ದ ದಿನಗಳಲ್ಲಿ, ತರಕಾರಿ ಚೀಲಗಳನ್ನು ಹೇರಿಕೊಂಡು ಬರುತ್ತಿದ್ದ ನನ್ನ ಹಳೆಯ ಪದ್ಮಿನಿ ಕಾರು ಬಿಸಿಯೇರಿ ನಿಂತಾಗ, ಅವಸರದಿಂದ ರೇಡಿಯೇಟರಿನ ಮುಚ್ಚಳವನ್ನು ತಿರುವಿದ್ದೆ. ಬಲ ಮುಂಗೈಯ ಮೇಲೆ ಆ ದಿನದ ಗುರುತು ಇನ್ನೂ ಇದೆ. ತಪ್ಪು ಕಾರಿನದಲ್ಲ, ನನ್ನದೇ. ದಿನಕ್ಕೆ ಹತ್ತು ಸಲ ಕುಕ್ಕರನ್ನು ಇಳಿಸುತ್ತಿದ್ದವನಿಗೆ ರೇಡಿಯೇಟರ್ ಸಹ ಒಂದು ಕುಕ್ಕರೆಂಬುದು ಹೊಳೆಯಲಿಲ್ಲ! ಮುಚ್ಚಳದ ಸ್ಪ್ರಿಂಗು ಒಳಗಿನ ನೀರನ್ನು ಒತ್ತಡದಲ್ಲಿ ಹಿಡಿದಿಡುವುದರಿಂದ ಆ ನೀರು 100 ಡಿಗ್ರಿಯಲ್ಲಿ ಕುದಿಯದೆ 120 ಡಿಗ್ರಿಯ ಸಮೀಪದವರೆಗೂ ನೀರಾಗಿಯೇ ಉಳಿಯುತ್ತದೆ. ಮುಚ್ಚಳ ಸಡಿಲವಾಯಿತೆಂದರೆ ಒತ್ತಡ ಬಿದ್ದುಹೋಗಿ, ಅದೇ ನೀರು ಕ್ಷಣಾರ್ಧದಲ್ಲಿ ಹಬೆಯಾಗಿ ಮುಖದ ಮೇಲೆ ನುಗ್ಗುತ್ತದೆ. ಸಮುದ್ರ ಮಟ್ಟದಿಂದ ಸುಮಾರು 700 ಮೀಟರು ಎತ್ತರದಲ್ಲಿರುವ ಜೇಜುರಿಯಲ್ಲಿ ತೆರೆದ ಪಾತ್ರೆಯ ನೀರು ಎರಡು ಡಿಗ್ರಿಯಷ್ಟು ಮೊದಲೇ ಕುದಿಯುವುದೆಂಬುದೂ ನೆನಪಿನಲ್ಲಿರಲಿ. ಆದುದರಿಂದ ಎಂಜಿನನ್ನು ನಿಲ್ಲಿಸಿ, ಮುಕ್ಕಾಲು ಗಂಟೆಯಾದರೂ ಕಾದು, ಮೇಲಿನ ಹೋಸ್ ಪೈಪನ್ನು ಬಟ್ಟೆಯಿಂದ ಮುಟ್ಟಿನೋಡಿ, ಅದು ತಣ್ಣಗಾದ ಮೇಲೆಯೇ ಮುಚ್ಚಳಕ್ಕೆ ಕೈಹಾಕತಕ್ಕದ್ದು. ಈಗಿನ ಅನೇಕ ಕಾರುಗಳಲ್ಲಿ ಮುಚ್ಚಳವು ರೇಡಿಯೇಟರಿನ ಮೇಲಿರದೆ ಪಕ್ಕದ ಪ್ಲಾಸ್ಟಿಕ್ ಡಬ್ಬಿಯ ಮೇಲಿರುತ್ತದೆ. ಅಪಾಯ ಮಾತ್ರ ಅದೇ.

ನಾವು ದರ್ಶನಕ್ಕೆಂದು ಎರಡು ಗಂಟೆ ಕಳೆದಿದ್ದುದರಿಂದ ಎಂಜಿನು ತಣ್ಣಗಿತ್ತು. ಬಾನೆಟ್ ತೆರೆದು ನೋಡಲಾಗಿ, ರೇಡಿಯೇಟರಿನ ಒಂದು ಮೂಲೆಯಲ್ಲಿ ಸೂಜಿಮೊನೆಯಷ್ಟು ತೂತಿನಿಂದ ಹನಿ ಜಿನುಗುತ್ತಿತ್ತು. ಅಷ್ಟರಲ್ಲಿ ಪಕ್ಕದ ಟೆಂಪೋದ ಚಾಲಕನೊಬ್ಬನು ಇಣುಕಿನೋಡಿ, “ಹಳದ ಟಾಕಾ, ಬಂದ ಹೋಯೀಲ” ಎಂದನು. ಅರಿಶಿನ ಹಾಕಿರಿ, ನಿಂತುಹೋಗುತ್ತದೆ ಎಂಬ ಅರ್ಥ. ಅರಿಶಿನಕ್ಕೇನು ಕೊರತೆ? ಊರೆಲ್ಲ ಹಳದಿ, ಅಕ್ಕನ ಮಡಿಲಿನಲ್ಲೇ ಒಂದು ಪೊಟ್ಟಣ ಭಂಡಾರವಿತ್ತು. ಆದರೆ ಅಕ್ಕ ಅದನ್ನು ಬಿಗಿಯಾಗಿ ಹಿಡಿದುಕೊಂಡು, “ದೇವರ ಪ್ರಸಾದವನ್ನು ಯಂತ್ರದ ಬಾಯಿಗೆ ಸುರಿಯುವುದೇ?” ಎಂದು ಸಿಟ್ಟಾದಳು. ಕೊನೆಗೆ ಕಿರಾಣಿ ಅಂಗಡಿಯಿಂದ ಅಡಿಗೆಯ ಅರಿಶಿನವನ್ನೇ ತರಿಸಿದೆವು. ಅಕ್ಕನ ಹಟ ಬೇರೊಂದು ರೀತಿಯಿಂದಲೂ ಒಳ್ಳೆಯದಾಯಿತು. ಭಂಡಾರವೆಂದು ಮಾರುವ ಪುಡಿಯೆಲ್ಲ ಶುದ್ಧ ಅರಿಶಿನವೇ ಆಗಿರುತ್ತದೆಂದು ನಂಬುವಂತಿಲ್ಲ.

ಎರಡು ಚಮಚ ಪುಡಿಯನ್ನು ನೀರಿನಲ್ಲಿ ಕಲಸಿ ಸುರಿದು, ಎಂಜಿನನ್ನು ಹತ್ತು ನಿಮಿಷ ಓಡಿಸಿದೆವು. ಹನಿ ನಿಂತಿತು. ಲಾರಿ ಚಾಲಕರಲ್ಲಿ ತಲೆಮಾರಿನಿಂದ ನಡೆದುಬಂದ ಈ ಉಪಾಯದಲ್ಲಿ ಮಂತ್ರವೇನೂ ಇಲ್ಲ. ಪುಡಿಯ ಕಣಗಳು ನೀರು ಕುಡಿದು ಉಬ್ಬುತ್ತವೆ. ಬಿಸಿನೀರು ತೂತಿನಿಂದ ಹೊರಬಿದ್ದು ಆರುವಲ್ಲಿ ಅವು ಅಂಟಿಕೊಂಡು ಬಿರಡೆಯಂತೆ ಕೂರುತ್ತವೆ. ಆದರೆ ಕಣಗಳಿಗೆ ತೂತು ಯಾವುದು, ಕೊಳವೆ ಯಾವುದು ಎಂಬ ವಿವೇಕವಿಲ್ಲ. ರೇಡಿಯೇಟರಿನ ಸಪುರವಾದ ಕೊಳವೆಗಳಲ್ಲಿಯೂ ಅದೇ ಅರಿಶಿನ ಕೆಸರಾಗಿ ಕೂರುತ್ತದೆ. ಅಂಬಾಸೆಡರ್, ಪದ್ಮಿನಿಗಳ ಕಾಲದ ತಾಮ್ರ-ಹಿತ್ತಾಳೆಯ ರೇಡಿಯೇಟರನ್ನು ಬಿಚ್ಚಿ, ತೊಳೆದು, ರಸ್ತೆಬದಿಯಲ್ಲೇ ಬೆಸುಗೆ ಹಾಕಿಕೊಡುವವರಿದ್ದರು. 2014ರಲ್ಲಿ ಅಂಬಾಸೆಡರಿನ ತಯಾರಿಕೆಯೂ ನಿಂತಿತು. ಈಗಿನವು ಅಲ್ಯೂಮಿನಿಯಮಿನ ಒಡಲಿಗೆ ಪ್ಲಾಸ್ಟಿಕ್ ತೊಟ್ಟಿಗಳನ್ನು ಕಚ್ಚಿಸಿದಂಥವು. ಪ್ಲಾಸ್ಟಿಕ್ ಬಿರುಕುಬಿಟ್ಟರೆ ಬೆಸುಗೆಯೂ ಇಲ್ಲ, ಅರಿಶಿನವೂ ಇಲ್ಲ, ಬದಲಾಯಿಸುವುದೊಂದೇ ದಾರಿ.

ಅಂದು ಹೊರಡುವ ಮುನ್ನ ಮಾಡಿದ ಇನ್ನೊಂದು ಕೆಲಸವನ್ನು ಹೇಳಬೇಕು. ಆ ಹಸುರು ನೀರು ಕೂಲೆಂಟು. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ಹೊಟ್ಟೆಗೆ ವಿಷ. ನಾಯಿಗಳು ನೆಕ್ಕಿದರೆ ಮೂತ್ರಪಿಂಡ ಕೆಟ್ಟು ಸಾಯುತ್ತವೆ. ಖಂಡೋಬನ ಸಂಗಡಿಗನೇ ನಾಯಿಯಾದ ಆ ಊರಿನಲ್ಲಿ ನಾಯಿಗಳಿಗೇನು ಬರವಿಲ್ಲ. ಮಡುವಿನ ಮೇಲೆ ಮಣ್ಣು ಹಾಕಿ, ಆ ಮಣ್ಣನ್ನು ಬಳಿದು ಚೀಲದಲ್ಲಿ ಕಟ್ಟಿ, ನೆಲಕ್ಕೆ ಎರಡು ಕೊಡ ನೀರು ಹೊಯ್ದು ಬಂದೆವು. ಮಕ್ಕಳ ಕೈಗೆ ಕೂಲೆಂಟಿನ ಡಬ್ಬಿ ಸಿಗದಂತೆ ನೋಡಿಕೊಳ್ಳುವುದೂ ಅಷ್ಟೇ ಅಗತ್ಯ.

ಕಾರು ಸುಖವಾಗಿ ಪುಣೆ ಮುಟ್ಟಿತು. ಅನಾಹುತಕ್ಕೆ ಬೀಜ ಬಿದ್ದುದು ಇಲ್ಲಿಯೇ. ಹತ್ತು ರೂಪಾಯಿಯ ಅರಿಶಿನದಲ್ಲಿ ರಿಪೇರಿ ಮುಗಿಸಿದೆನೆಂದು ಅಳಿಯ ಕಂಡವರಲ್ಲೆಲ್ಲ ಹೇಳಿಕೊಂಡನು. ವಾರಕ್ಕೊಮ್ಮೆ ಡಬ್ಬಿಯಲ್ಲಿ ನೀರು ಇಳಿದಿರುತ್ತಿತ್ತು. ನಲ್ಲಿಯ ನೀರನ್ನು ತುಂಬಿಸುತ್ತಿದ್ದನು. ಮುಚ್ಚಿದ ಪಾತ್ರೆಯ ನೀರು ಕಡಿಮೆಯಾಗುತ್ತಿದ್ದರೆ ಅದು ಎಲ್ಲಿಗೆ ಹೋಗುತ್ತಿದೆ ಎಂದು ಅವನು ಕೇಳಲಿಲ್ಲ. ನಾನೂ ಕೇಳಲಿಲ್ಲವೆಂಬುದನ್ನು ಒಪ್ಪಿಕೊಳ್ಳುತ್ತೇನೆ. ಹೋಟೆಲಿನ ಬಾಯ್ಲರಿನ ಒಳಗೋಡೆಗೆ ಬೋರ್‌ವೆಲ್ ನೀರಿನ ಸುಣ್ಣ ಹೇಗೆ ಕಟ್ಟುತ್ತದೆಂಬುದನ್ನು ಕಂಡವನು ನಾನು. ಎರಡು ತಿಂಗಳ ಬಳಿಕ ಊರಿಗೆಂದು ಸಾತಾರಾ ದಾರಿ ಹಿಡಿದವನಿಗೆ ಖಂಬಾಟಕಿ ಘಾಟಿನ ಏರಿನಲ್ಲಿ ಎಂಜಿನು ಕೈಕೊಟ್ಟಿತು. ಮುಳ್ಳು ಕೆಂಪಿಗೆ ಮುಟ್ಟಿದ ಮೇಲೆಯೂ, ಘಾಟು ಮುಗಿಯಲಿ ಎಂದು ಎರಡು ಕಿಲೋಮೀಟರು ಓಡಿಸಿದ್ದನಂತೆ. ಹಿಂದಿನ ಆಸನದಲ್ಲಿ ಕೈಗೂಸು, ಹಿಂದೆ ಲಾರಿಗಳ ಸಾಲು, ರಾತ್ರಿ ಹನ್ನೊಂದು ಗಂಟೆ. ಹೆಡ್ ಗ್ಯಾಸ್ಕೆಟ್ ಸುಟ್ಟು, ಹೆಡ್ಡು ಸೊಟ್ಟಗಾಗಿತ್ತು. ಹೊಸ ರೇಡಿಯೇಟರಿಗೆ ಎಂಟು ಸಾವಿರದೊಳಗೆ ಮುಗಿಯುತ್ತಿದ್ದ ಖರ್ಚು 46 ಸಾವಿರಕ್ಕೇರಿತು.

ಹಾಗೆಂದು ಬಾನೆಟ್ ತೆರೆಯುವ ಗೊಡವೆಯೇ ಬೇಡವೆಂದು ನಾನು ಹೇಳುವುದಿಲ್ಲ. ಯಜಮಾನನಾದವನು ಮೊದಲು ಕಲಿಯಬೇಕಾದುದು ಸ್ಪ್ಯಾನರ್ ಹಿಡಿಯುವುದನ್ನಲ್ಲ, ನೋಡುವುದನ್ನು. ಕಾರಿನಡಿ ಬಿದ್ದ ಹನಿ ಬಣ್ಣವಿಲ್ಲದ ಶುದ್ಧ ನೀರಾಗಿದ್ದರೆ ಅದು ಏ.ಸಿ.ಯ ನೀರು, ಅದಕ್ಕಾಗಿ ಗ್ಯಾರೇಜಿಗೆ ಓಡಬೇಕಾಗಿಲ್ಲ. ಹಸುರು ಅಥವಾ ಗುಲಾಬಿಯಾಗಿ, ಮುಟ್ಟಿದರೆ ಜಾರುವಂತಿದ್ದರೆ ಕೂಲೆಂಟು. ಕಂದು, ಕಪ್ಪು ಬಣ್ಣದ ಜಿಡ್ಡಾದರೆ ಎಂಜಿನ್ ಆಯಿಲ್. ಹನಿಯೇ ಬೀಳದೆ ಕೂಲೆಂಟು ಮಾಯವಾಗುತ್ತಿದ್ದರೆ ಆಯಿಲ್ ತುಂಬುವ ಮುಚ್ಚಳವನ್ನು ತೆಗೆದು ಅದರ ಅಡಿಯನ್ನು ನೋಡಿರಿ. ಅಲ್ಲಿ ಹಾಲು ಬೆರೆಸಿದ ಕಾಫಿಯಂಥ ನೊರೆ ಹೆಚ್ಚಾಗಿ ಕಂಡು, ಸೈಲೆನ್ಸರಿನಿಂದ ಬಿಳಿ ಹೊಗೆಯೂ ಬಿಡದೆ ಬರುತ್ತಿದ್ದರೆ ನೀರು ಎಂಜಿನಿನ ಒಳಗೆ ಸೇರುತ್ತಿದೆಯೆಂದು ಸಂಶಯಪಡಬೇಕು. ಆಮೇಲೆ ಒಂದು ಮೈಲಿಯೂ ಓಡಿಸಕೂಡದು.

ಘಾಟಿನಲ್ಲಿ ಮುಳ್ಳು ಏರತೊಡಗಿದರೆ ಏ.ಸಿ.ಯನ್ನು ನಿಲ್ಲಿಸಿ, ಸೆಕೆಯಾದರೂ ಸರಿಯೆಂದು ಹೀಟರನ್ನು ಪೂರ್ತಿ ತಿರುವಿರಿ. ಹೀಟರ್ ಎಂದರೆ ಕಾರಿನೊಳಗಿನ ಇನ್ನೊಂದು ಚಿಕ್ಕ ರೇಡಿಯೇಟರೇ. ಎಂಜಿನಿನ ಬಿಸಿಯನ್ನು ನಮ್ಮ ಮೈಮೇಲೆ ಹೊರಹಾಕುತ್ತದೆ. ಇಷ್ಟಾದರೂ ಇಳಿಯದಿದ್ದರೆ ಬದಿಗೆ ನಿಲ್ಲಿಸುವುದಲ್ಲದೆ ಬೇರೆ ಉಪಾಯವಿಲ್ಲ. ಕಾದ ಎಂಜಿನಿಗೆ ತಣ್ಣೀರನ್ನು ಒಮ್ಮೆಲೇ ಸುರಿದರೆ ಲೋಹ ಬಿರುಕುಬಿಡುವ ಭಯವುಂಟು. ಬಯಲಿನಲ್ಲಿ ವೇಗವಾಗಿ ಓಡುವಾಗ ಸರಿಯಿದ್ದು, ಸಾಲಿನಲ್ಲಿ ತೆವಳುವಾಗ ಮಾತ್ರ ಬಿಸಿಯೇರಿದರೆ ಮೊದಲ ಸಂಶಯ ಫ್ಯಾನಿನ ಮೇಲೆ. ಓಡುವ ಕಾರಿಗೆ ಗಾಳಿ ತಾನಾಗಿ ಸಿಗುತ್ತದೆ, ತೆವಳುವ ಕಾರಿಗೆ ಫ್ಯಾನೊಂದೇ ಗತಿ. ಅದರ ಫ್ಯೂಸು ಹೋಗಿದ್ದರೆ ಅಷ್ಟೇ ಆಂಪಿಯರಿನ ಹೊಸ ಫ್ಯೂಸನ್ನು ಯಜಮಾನನೇ ಹಾಕಬಹುದು. ಎರಡನೆಯದೂ ಸುಟ್ಟರೆ ಮೂರನೆಯದನ್ನು ಹಾಕದೆ ಮೆಕ್ಯಾನಿಕನನ್ನು ಕರೆಯಬೇಕು. ಹಿಂದಿರುಗುವಾಗ ದಿವೇ ಘಾಟಿನ ಇಳಿಜಾರಿನಲ್ಲಿ ಪೆಟ್ರೋಲು ಉಳಿಸಲೆಂದು ಎಂಜಿನ್ ನಿಲ್ಲಿಸುವ ಜನ ಇನ್ನೂ ಇದ್ದಾರೆ. ಎಂಜಿನ್ ನಿಂತ ಬಳಿಕ ಎರಡು ಮೂರು ಸಲ ತುಳಿಯುವಷ್ಟರಲ್ಲಿ ಬ್ರೇಕು ಕಲ್ಲಾಗುತ್ತದೆ, ಸ್ಟಿಯರಿಂಗೂ ಬಿಗಿಯುತ್ತದೆ. ಎರಡನೆಯ ಗೇರಿನಲ್ಲಿ ಇಳಿಯುವುದೇ ಕ್ಷೇಮ.

ಈಚೆಗೆ ಅಳಿಯ ಕೆಲವು ನೂರು ರೂಪಾಯಿಗೆ ಒಂದು ಸಣ್ಣ ಸಾಧನವನ್ನು ತರಿಸಿದ್ದಾನೆ. ಸ್ಟಿಯರಿಂಗಿನ ಕೆಳಗಿನ ಕಿಂಡಿಗೆ ಸಿಕ್ಕಿಸಿದರೆ ಕಾರಿನ ಗಣಕ ಬರೆದಿಟ್ಟ ದೋಷದ ಸಂಖ್ಯೆ ಮೊಬೈಲಿನಲ್ಲಿ ಮೂಡುತ್ತದೆ. ಪಿ 0217 ಎಂದರೆ ಎಂಜಿನು ಅತಿಯಾಗಿ ಬಿಸಿಯೇರಿದೆ ಎಂದು ತಾತ್ಪರ್ಯ. ಉಪಯುಕ್ತವಾದ ವಸ್ತುವೇ ಸರಿ. ಆದರೆ ಅದು ಜ್ವರವಿದೆಯೆಂದು ಹೇಳೀತೇ ಹೊರತು ಜ್ವರದ ಕಾರಣವನ್ನು ಹೇಳಲಾರದು.

ಹೊರಗಿನ ಗ್ಯಾರೇಜಿನಲ್ಲಿ ಕೈಹಾಕಿಸಿದರೆ ವಾರಂಟಿ ಹೋಗುವುದೆಂಬ ಅಂಜಿಕೆ ಅನೇಕರಿಗೆ. 2014ರ ಆಗಸ್ಟಿನಲ್ಲಿ ಭಾರತೀಯ ಸ್ಪರ್ಧಾ ಆಯೋಗವು 14 ಕಾರು ಕಂಪನಿಗಳಿಗೆ ಒಟ್ಟು 2,500 ಕೋಟಿ ರೂಪಾಯಿಗೂ ಮಿಕ್ಕಿದ ದಂಡ ವಿಧಿಸಿ, ಬಿಡಿಭಾಗಗಳೂ ದೋಷಪತ್ತೆಯ ಉಪಕರಣಗಳೂ ಹೊರಗಿನ ಗ್ಯಾರೇಜುಗಳಿಗೆ ದೊರೆಯುವಂತಾಗಬೇಕೆಂದು ಆಜ್ಞಾಪಿಸಿತ್ತು. ಕಂಪನಿಗಳು ಮೇಲ್ಮನವಿಗೆ ಹೋದವು. 2022ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರವು ದುರಸ್ತಿಯ ಹಕ್ಕಿಗಾಗಿ ತೆರೆದ ಜಾಲತಾಣದಲ್ಲಿ ಮೋಟಾರು ವಾಹನಗಳನ್ನೂ ಸೇರಿಸಿದೆ. ಹೊಸ ಕಾರಿನವರು ವಾರಂಟಿಯ ಪುಸ್ತಕವನ್ನು ಮೊದಲು ಓದಿಕೊಳ್ಳುವುದು ಲೇಸು.

ಜೇಜುರಿಯಿಂದ ಬಂದ ಮೇಲೆ ಮಾಡಬೇಕಾದ ಕೆಲಸವೊಂದುಂಟು. ಎರಚಿದ ಭಂಡಾರವು ಗಾಜಿನ ಬುಡದ ಜಾಲರಿಯಿಂದ ಇಳಿದು ಏ.ಸಿ.ಯ ಗಾಳಿ ಫಿಲ್ಟರಿನಲ್ಲಿ ಕೂರುತ್ತದೆ. ಬಹುಪಾಲು ಕಾರುಗಳಲ್ಲಿ ಇದು ಎಡಗಡೆಯ ಖಾನೆಯ ಹಿಂದಿದ್ದು, ಹತ್ತು ನಿಮಿಷದಲ್ಲಿ ಯಾರೂ ಬದಲಾಯಿಸಬಹುದು. ಗಾಜಿನ ಮೇಲಿನ ಪುಡಿಯನ್ನು ನೀರು ಹಾಕದೆ ವೈಪರಿನಿಂದ ಉಜ್ಜಬಾರದು. ಸಾಬೂನು ಹಾಕಿ ತೊಳೆಯುವಾಗ ಬಿಳಿಯ ಕಾರು ಕೆಂಪಗಾಯಿತೆಂದು ಗಾಬರಿಗೊಂಡವರುಂಟು. ಆರತಿಯ ನೀರಿಗೆ ಅರಿಶಿನವನ್ನೂ ಸುಣ್ಣವನ್ನೂ ಸೇರಿಸಿದಾಗ ಓಕುಳಿಯಾಗುವುದಿಲ್ಲವೇ, ಇದೂ ಅದೇ ಕ್ರಿಯೆ. ಸಾಬೂನಿನ ಕ್ಷಾರಕ್ಕೆ ಅರಿಶಿನ ಕೆಂಪಾಗುತ್ತದೆ. ಚೆನ್ನಾಗಿ ನೀರು ಹೊಯ್ದು ನಾಲ್ಕು ದಿನ ಬಿಸಿಲಿಗೆ ನಿಲ್ಲಿಸಿದರೆ ಉಳಿದ ಹಳದಿಯೂ ಮಾಸುತ್ತದೆ.

ಬರುವ ಸೋಮವತಿ ಅಮಾವಾಸ್ಯೆಗೆ ಖಂಡೋಬನ ಪಲ್ಲಕ್ಕಿ ಕರ್ಹಾ ನದಿಗೆ ಇಳಿಯುವುದನ್ನು ನೋಡಲು ಅಕ್ಕ ಮತ್ತೆ ಹೊರಟಿದ್ದಾಳೆ. ಅಂದು ಘಾಟಿನಲ್ಲಿ ಸಾಲು ಇನ್ನೂ ಉದ್ದವಿರುತ್ತದೆ. ಅಳಿಯ ಹಿಂದಿನ ಭಾನುವಾರವೇ ಎಂಜಿನು ತಣ್ಣಗಿದ್ದಾಗ ಕೂಲೆಂಟಿನ ಮಟ್ಟವನ್ನು ನೋಡಿ ಗೆರೆ ಎಳೆದಿಟ್ಟು, ಹೋಸ್ ಪೈಪುಗಳನ್ನು ಹಿಚುಕಿನೋಡಿ, ಸಡಿಲವಾಗಿದ್ದ ಒಂದು ಕ್ಲಿಪ್ಪನ್ನು ಬಿಗಿ ಮಾಡಿದನು. ಡಿಕ್ಕಿಯಲ್ಲಿ ಐದು ಲೀಟರ್ ಶುದ್ಧ ನೀರಿದೆ, ಎರಡು ಫ್ಯೂಸುಗಳಿವೆ, ಟಾರ್ಚಿದೆ. ಅಡಿಗೆಯ ಅರಿಶಿನದ ಪೊಟ್ಟಣವನ್ನು ಮಾತ್ರ ಅಕ್ಕನೇ ಇಟ್ಟಿದ್ದಾಳೆ, ಪ್ರಸಾದದ ಮೇಲೆ ಮತ್ತೆ ಯಾರೂ ಕಣ್ಣು ಹಾಕದಿರಲೆಂದು.