ತೆರೆಯ ಮೇಲೆ ಯುವ ಷರ್ಲಾಕ್ ಹೋಮ್ಸ್

ಸರ್ ಆರ್ಥರ್ ಕಾನನ್ ಡಾಯ್ಲ್ ಸೃಷ್ಟಿಸಿದ ಪತ್ತೇದಾರ ಷರ್ಲಾಕ್ ಹೋಮ್ಸ್‌ನನ್ನು ಬಾಲಕನಾಗಿ, ವಿದ್ಯಾರ್ಥಿಯಾಗಿ ಅಥವಾ ತರುಣನಾಗಿ ಚಿತ್ರಿಸುವ ಚಲನಚಿತ್ರಗಳು ಹಾಗೂ ದೂರದರ್ಶನ ಸರಣಿಗಳು 1980ರ ದಶಕದಿಂದೀಚೆಗೆ ಹಲವು ಬಂದಿವೆ. ಮೂಲ ಕಥೆಗಳಲ್ಲಿ ಹೋಮ್ಸ್‌ನ ಯೌವನದ ವಿವರಗಳು ಅತ್ಯಲ್ಪವಾಗಿರುವುದರಿಂದ ಈ ಕೃತಿಗಳು ಬಹುಮಟ್ಟಿಗೆ ಹೊಸ ಕಲ್ಪನೆಗಳಾಗಿವೆ. ಭಾವನೆಗಳನ್ನು ದೂರವಿಟ್ಟು ತರ್ಕವನ್ನೇ ನೆಚ್ಚಿದ ವ್ಯಕ್ತಿಯೊಬ್ಬ ಹೇಗೆ ರೂಪುಗೊಂಡ ಎಂಬ ಪ್ರಶ್ನೆಗೆ ಇವು ಬೇರೆ ಬೇರೆ ಉತ್ತರಗಳನ್ನು ನೀಡುತ್ತವೆ.

ಮೂಲ ಕಥೆಗಳಲ್ಲಿ ಯೌವನ

ಹೋಮ್ಸ್ ಮೊದಲು ಕಾಣಿಸಿಕೊಂಡದ್ದು 1887ರಲ್ಲಿ ಪ್ರಕಟವಾದ 'ಎ ಸ್ಟಡಿ ಇನ್ ಸ್ಕಾರ್ಲೆಟ್' ಕಾದಂಬರಿಯಲ್ಲಿ. ಡಾಯ್ಲ್ ಅವರು ಒಟ್ಟು 4 ಕಾದಂಬರಿಗಳನ್ನೂ 56 ಸಣ್ಣ ಕಥೆಗಳನ್ನೂ ಬರೆದರು. ಇವುಗಳಲ್ಲಿ ಹೋಮ್ಸ್‌ನ ಆರಂಭದ ದಿನಗಳನ್ನು ಮುಖ್ಯವಾಗಿ ತಿಳಿಸುವ ಕಥೆಗಳು ಎರಡು: 'ದಿ ಗ್ಲೋರಿಯಾ ಸ್ಕಾಟ್' ಮತ್ತು 'ದಿ ಮಸ್‌ಗ್ರೇವ್ ರಿಚುಯಲ್'. ಎರಡೂ 1893ರಲ್ಲಿ ಪ್ರಕಟವಾದವು.

ಮೊದಲನೆಯ ಕಥೆಯಲ್ಲಿ ಹೋಮ್ಸ್ ಕಾಲೇಜು ವಿದ್ಯಾರ್ಥಿ. ಅಲ್ಲಿ ಅವನಿಗೆ ವಿಕ್ಟರ್ ಟ್ರೆವರ್ ಎಂಬ ಒಬ್ಬನೇ ಗೆಳೆಯ. ಟ್ರೆವರ್‌ನ ನಾಯಿ ಹೋಮ್ಸ್‌ನ ಕಾಲಿನ ಹರಡನ್ನು ಕಚ್ಚಿದ್ದರಿಂದ ಅವರ ಪರಿಚಯವಾಗುತ್ತದೆ. ಗೆಳೆಯನ ತಂದೆ ಹೋಮ್ಸ್‌ನ ಗ್ರಹಣಶಕ್ತಿಯನ್ನು ಕಂಡು ಬೆರಗಾಗಿ, ಇದನ್ನೇ ಜೀವನೋಪಾಯ ಮಾಡಿಕೊಳ್ಳಬಹುದೆಂದು ಸೂಚಿಸುತ್ತಾನೆ. ಅಲ್ಲಿಯವರೆಗೆ ಹವ್ಯಾಸವಾಗಿದ್ದುದು ವೃತ್ತಿಯಾಗಬಲ್ಲದು ಎಂದು ಹೋಮ್ಸ್‌ಗೆ ಹೊಳೆಯುವುದು ಆಗಲೇ. ಎರಡನೆಯ ಕಥೆಯಲ್ಲಿ ಅವನು ಲಂಡನ್ನಿನ ಮಾಂಟೆಗ್ಯೂ ಬೀದಿಯಲ್ಲಿ ಬಿಡಾರ ಹೂಡಿ, ಪ್ರಕರಣಗಳಿಗಾಗಿ ಕಾಯುತ್ತಿರುವ ಹೊಸಬ. ಅವನು ಓದಿದ ವಿಶ್ವವಿದ್ಯಾಲಯದ ಹೆಸರನ್ನು ಡಾಯ್ಲ್ ಹೇಳಿಲ್ಲ. ಅದು ಆಕ್ಸ್‌ಫರ್ಡೋ ಕೇಂಬ್ರಿಡ್ಜೋ ಎಂಬುದು ಅಭಿಮಾನಿಗಳ ನಡುವೆ ಇಂದಿಗೂ ಚರ್ಚೆಯ ವಿಷಯ. ಬಾಲ್ಯ ಮತ್ತು ತಂದೆ ತಾಯಿಯರ ಬಗೆಗೆ ಕಥೆಗಳು ಬಹುತೇಕ ಮೌನವಾಗಿವೆ. ಪೂರ್ವಜರು ಹಳ್ಳಿಯ ಜಮೀನುದಾರರಾಗಿದ್ದರು ಮತ್ತು ಅಣ್ಣ ಮೈಕ್ರಾಫ್ಟ್ ಅವನಿಗಿಂತ 7 ವರ್ಷ ದೊಡ್ಡವನು ಎಂಬ ಸಂಗತಿಗಳು 'ದಿ ಗ್ರೀಕ್ ಇಂಟರ್‌ಪ್ರಿಟರ್' ಕಥೆಯಿಂದ ತಿಳಿಯುತ್ತವೆ.

ಪ್ರಮುಖ ರೂಪಾಂತರಗಳು

1982ರಲ್ಲಿ ಬ್ರಿಟನ್ನಿನ ಗ್ರಾನಡಾ ಸಂಸ್ಥೆಯು 'ಯಂಗ್ ಷರ್ಲಾಕ್: ದಿ ಮಿಸ್ಟರಿ ಆಫ್ ದಿ ಮ್ಯಾನರ್ ಹೌಸ್' ಸರಣಿಯನ್ನು ನಿರ್ಮಿಸಿತು. ಹದಿಹರೆಯದ ಹೋಮ್ಸ್‌ನ ಪಾತ್ರವನ್ನು ಗೈ ಹೆನ್ರಿ ವಹಿಸಿದರು.

ಈ ಬಗೆಯ ಕೃತಿಗಳಲ್ಲಿ ಹೆಚ್ಚು ಪ್ರಸಿದ್ಧವಾದದ್ದು 1985ರ 'ಯಂಗ್ ಷರ್ಲಾಕ್ ಹೋಮ್ಸ್' ಚಲನಚಿತ್ರ. ಬ್ಯಾರಿ ಲೆವಿನ್‌ಸನ್ ಇದನ್ನು ನಿರ್ದೇಶಿಸಿದರು; ಚಿತ್ರಕಥೆ ಕ್ರಿಸ್ ಕೊಲಂಬಸ್ ಅವರದು. ಸ್ಟೀವನ್ ಸ್ಪೀಲ್‌ಬರ್ಗ್ ಕಾರ್ಯಕಾರಿ ನಿರ್ಮಾಪಕರಲ್ಲಿ ಒಬ್ಬರು. ನಿಕೊಲಸ್ ರೋ ಹೋಮ್ಸ್ ಆಗಿಯೂ, ಅಲನ್ ಕಾಕ್ಸ್ ವಾಟ್ಸನ್ ಆಗಿಯೂ ನಟಿಸಿದರು. ಮೂಲದಲ್ಲಿ ಇಬ್ಬರೂ ವಯಸ್ಕರಾದ ಮೇಲೆ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಮೊದಲ ಬಾರಿ ಭೇಟಿಯಾಗುತ್ತಾರೆ. ಚಿತ್ರದಲ್ಲಿ ಅವರು ಶಾಲೆಯಲ್ಲೇ ಗೆಳೆಯರು. ಹೋಮ್ಸ್ ಪ್ರೀತಿಸಿದ ಎಲಿಜಬೆತ್ ಚಿತ್ರದ ಕೊನೆಯಲ್ಲಿ ಸಾಯುತ್ತಾಳೆ. ಮುಂದೆ ಅವನು ಒಂಟಿಯಾಗಿಯೇ ಉಳಿದದ್ದಕ್ಕೆ ಚಿತ್ರ ಕೊಡುವ ಕಾರಣ ಇದು.

ತಾಂತ್ರಿಕವಾಗಿಯೂ ಈ ಚಿತ್ರಕ್ಕೆ ಇತಿಹಾಸದಲ್ಲಿ ಸ್ಥಾನವಿದೆ. ಚರ್ಚಿನ ಬಣ್ಣದ ಗಾಜಿನ ಕಿಟಕಿಯಿಂದ ಯೋಧನೊಬ್ಬ ಹೊರಕ್ಕೆ ಜಿಗಿದು ಬರುವ ದೃಶ್ಯವನ್ನು ಕಂಪ್ಯೂಟರಿನ ನೆರವಿನಿಂದ ರೂಪಿಸಲಾಗಿತ್ತು. ಪೂರ್ಣ ಪ್ರಮಾಣದ ಚಲನಚಿತ್ರದಲ್ಲಿ ನೈಜವೆನಿಸುವಂತೆ ಸಂಪೂರ್ಣವಾಗಿ ಕಂಪ್ಯೂಟರಿನಲ್ಲೇ ಮೂಡಿದ ಮೊದಲ ಪಾತ್ರವೆಂದು ಇದನ್ನು ಪರಿಗಣಿಸಲಾಗುತ್ತದೆ. ಮುಂದೆ ಪಿಕ್ಸಾರ್ ಮೂಲಕ ಹೆಸರಾದ ಜಾನ್ ಲ್ಯಾಸೆಟರ್ ಈ ದೃಶ್ಯಕ್ಕಾಗಿ ದುಡಿದಿದ್ದರು. ಚಿತ್ರವು ದೃಶ್ಯಪರಿಣಾಮ ವಿಭಾಗದಲ್ಲಿ ಆಸ್ಕರ್ ನಾಮನಿರ್ದೇಶನ ಪಡೆಯಿತು. 30 ವರ್ಷಗಳ ನಂತರ, 2015ರ 'ಮಿಸ್ಟರ್ ಹೋಮ್ಸ್' ಚಿತ್ರದಲ್ಲಿ ವೃದ್ಧ ಹೋಮ್ಸ್ ತನ್ನ ಬಗೆಗಿನ ಸಿನಿಮಾವೊಂದನ್ನು ನೋಡುವ ಸನ್ನಿವೇಶವಿದೆ. ಆ ಒಳಸಿನಿಮಾದ ಹೋಮ್ಸ್ ಆಗಿ ಕಾಣಿಸಿಕೊಂಡವರು ನಿಕೊಲಸ್ ರೋ.

ಜಪಾನಿನ ಎನ್‌ಎಚ್‌ಕೆ ವಾಹಿನಿಯು 2014ರಲ್ಲಿ ಕೋಕಿ ಮಿತಾನಿ ಬರೆದ ಬೊಂಬೆಯಾಟದ ಸರಣಿಯನ್ನು ಪ್ರಸಾರ ಮಾಡಿತು. ಇದರಲ್ಲಿ ಹೋಮ್ಸ್ ಮತ್ತು ವಾಟ್ಸನ್ ಬೀಟನ್ ಎಂಬ ವಸತಿಶಾಲೆಯ ವಿದ್ಯಾರ್ಥಿಗಳು. ಹೋಮ್ಸ್‌ನ ಮೊದಲ ಕಾದಂಬರಿ ಪ್ರಕಟವಾದ ವಾರ್ಷಿಕ ಸಂಚಿಕೆಯ ಹೆಸರೂ ಬೀಟನ್ ಎಂದೇ ಇತ್ತು.

ಬಿಬಿಸಿಯ 'ಷರ್ಲಾಕ್' (2010–2017) ಕಥೆಯನ್ನು ವರ್ತಮಾನ ಕಾಲಕ್ಕೆ ತಂದ ಸರಣಿ. ಅದರ 2017ರ ಕೊನೆಯ ಕಂತು ನಾಯಕನ ಬಾಲ್ಯದತ್ತ ಹೊರಳುತ್ತದೆ. ಡಾಯ್ಲ್ ಕಥೆಯಲ್ಲಿ ಕಾಲೇಜು ಗೆಳೆಯನಾಗಿದ್ದ ವಿಕ್ಟರ್ ಟ್ರೆವರ್ ಇಲ್ಲಿ ಎಳೆಯ ವಯಸ್ಸಿನಲ್ಲೇ ಸತ್ತ ಗೆಳೆಯನಾಗಿ ಬದಲಾಗುತ್ತಾನೆ. ಈ ಹಿಂದೆ ಹೋಮ್ಸ್ ಕುರಿತ ಎರಡು ಚಿತ್ರಗಳನ್ನು ನಿರ್ದೇಶಿಸಿದ್ದ ಗೈ ರಿಚಿ ಅವರು ಪ್ರೈಮ್ ವಿಡಿಯೊಗಾಗಿ ರೂಪಿಸಿದ 'ಯಂಗ್ ಷರ್ಲಾಕ್' ಸರಣಿಯಲ್ಲಿ ಹೀರೋ ಫೈನ್ಸ್ ಟಿಫಿನ್ 19ರ ಹರೆಯದ ಹೋಮ್ಸ್ ಆಗಿದ್ದಾರೆ. ಇದಕ್ಕೆ ಆಂಡ್ರ್ಯೂ ಲೇನ್ ಅವರ ಕಿರಿಯರ ಕಾದಂಬರಿಗಳು ಪ್ರೇರಣೆ.

ಮೂಲಕ್ಕೂ ತೆರೆಗೂ ಇರುವ ಅಂತರ

ಡಾಯ್ಲ್ ಅವರ ಹೋಮ್ಸ್ ಪತ್ತೇದಾರನಾದದ್ದು ದುರಂತದಿಂದಲ್ಲ. ಇರುವ ಸಾಮರ್ಥ್ಯವನ್ನು ಹಿರಿಯರೊಬ್ಬರು ಗುರುತಿಸಿದರು, ಅಭ್ಯಾಸ ಅದನ್ನು ವೃತ್ತಿಯಾಗಿಸಿತು. ಆದರೆ 1985ರ ಚಿತ್ರವೂ ಬಿಬಿಸಿಯ ಸರಣಿಯೂ ಅದೇ ನಿರ್ಲಿಪ್ತತೆಗೆ ಆಪ್ತರ ಸಾವನ್ನು ಕಾರಣವಾಗಿ ತೋರಿಸುತ್ತವೆ. ಇದರಿಂದ ಪಾತ್ರ ಪ್ರೇಕ್ಷಕರಿಗೆ ಹತ್ತಿರವಾಗುತ್ತದೆ. ಆದರೆ ಗಮನಿಸುವುದು ಮತ್ತು ತರ್ಕಿಸುವುದು ಯಾರಾದರೂ ಕಲಿಯಬಹುದಾದ ವಿದ್ಯೆ ಎಂಬ ಮೂಲದ ಆಶಯ ಹಿಂದೆ ಸರಿಯುತ್ತದೆ. ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ಡಾಯ್ಲ್ ಅವರಿಗೆ ಪಾಠ ಹೇಳಿದ ವೈದ್ಯ ಜೋಸೆಫ್ ಬೆಲ್ ರೋಗಿಗಳ ಚಹರೆಯಿಂದಲೇ ಅವರ ಕಸುಬನ್ನು ಊಹಿಸುತ್ತಿದ್ದರು. ಹೋಮ್ಸ್‌ನ ವಿಧಾನಕ್ಕೆ ಅವರೇ ಮಾದರಿ.

ಕೃತಿಸ್ವಾಮ್ಯದ ವಿವಾದ

ಹೋಮ್ಸ್‌ನ ಭಾವುಕತೆ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. 1923ಕ್ಕೆ ಮುಂಚಿನ ಕಥೆಗಳ ಪಾತ್ರಗಳನ್ನು ಯಾರು ಬೇಕಾದರೂ ಬಳಸಬಹುದೆಂದು ಅಮೆರಿಕದ ಮೇಲ್ಮನವಿ ನ್ಯಾಯಾಲಯವೊಂದು 2014ರಲ್ಲಿ ತೀರ್ಪು ನೀಡಿತ್ತು. 2020ರಲ್ಲಿ ಹೋಮ್ಸ್‌ನ ತಂಗಿಯನ್ನು ನಾಯಕಿಯಾಗಿಸಿದ 'ಎನೋಲಾ ಹೋಮ್ಸ್' ಚಿತ್ರದ ವಿರುದ್ಧ ಡಾಯ್ಲ್ ಎಸ್ಟೇಟ್ ದಾವೆ ಹೂಡಿತು. ಅನುಕಂಪ, ಸ್ನೇಹ ಮುಂತಾದ ಮೃದು ಗುಣಗಳು ಕಡೆಯ ಕೆಲವು ಕಥೆಗಳಲ್ಲಿ ಮಾತ್ರ ಕಾಣುತ್ತವೆ, ಆ ಕಥೆಗಳ ಹಕ್ಕು ಇನ್ನೂ ತನ್ನಲ್ಲಿದೆ ಎಂಬುದು ಎಸ್ಟೇಟಿನ ವಾದ. ಅದೇ ವರ್ಷ ಉಭಯ ಪಕ್ಷಗಳ ಒಪ್ಪಿಗೆಯೊಂದಿಗೆ ದಾವೆ ಕೊನೆಗೊಂಡಿತು. 2023ರ ಜನವರಿ 1ರಂದು ಉಳಿದ ಕಥೆಗಳೂ ಅಮೆರಿಕದಲ್ಲಿ ಸಾರ್ವಜನಿಕ ಸ್ವತ್ತಾದವು. ಡಾಯ್ಲ್ 1930ರಲ್ಲಿ ನಿಧನರಾದ ಕಾರಣ ಭಾರತದಲ್ಲಿ ಈ ಕಥೆಗಳ ಹಕ್ಕಿನ ಅವಧಿ ಅದಕ್ಕೂ ಬಹಳ ಹಿಂದೆಯೇ ಮುಗಿದಿತ್ತು.

ಕನ್ನಡದಲ್ಲಿ

ಕನ್ನಡದಲ್ಲಿ ಪತ್ತೇದಾರಿ ಸಾಹಿತ್ಯವನ್ನು ಜನಪ್ರಿಯಗೊಳಿಸಿದವರಲ್ಲಿ ಎನ್. ನರಸಿಂಹಯ್ಯ ಪ್ರಮುಖರು, ಅವರ 'ಪತ್ತೇದಾರ ಪುರುಷೋತ್ತಮ' ಮನೆಮಾತಾಗಿದ್ದ ಪಾತ್ರ. ತರುಣನೊಬ್ಬ ಪತ್ತೇದಾರನಾಗುವ ಕಥೆಗೆ ಕನ್ನಡ ಚಿತ್ರರಂಗದಲ್ಲಿ ಹತ್ತಿರದ ನಿದರ್ಶನ 2019ರ 'ಬೆಲ್ ಬಾಟಂ'. ಜಯತೀರ್ಥ ನಿರ್ದೇಶಿಸಿದ, ಟಿ. ಕೆ. ದಯಾನಂದ್ ಕಥೆಯ ಈ ಚಿತ್ರ 1980ರ ದಶಕದಲ್ಲಿ ನಡೆಯುತ್ತದೆ. ರಿಷಬ್ ಶೆಟ್ಟಿ ನಟಿಸಿದ ದಿವಾಕರ ಪತ್ತೇದಾರಿ ಕಥೆಗಳ ಗೀಳು ಹತ್ತಿಸಿಕೊಂಡ ಯುವಕ; ತಂದೆಯ ಒತ್ತಾಯಕ್ಕೆ ಪೊಲೀಸ್ ಪೇದೆಯಾಗುತ್ತಾನೆ. ಅವನ ಕುತೂಹಲದ ಮೂಲ ಸಾವು ನೋವಲ್ಲ, ಪತ್ತೇದಾರಿಯ ಹುಚ್ಚು. ಈ ಅರ್ಥದಲ್ಲಿ ಅವನು 'ಗ್ಲೋರಿಯಾ ಸ್ಕಾಟ್' ಕಥೆಯ ವಿದ್ಯಾರ್ಥಿಗೆ ಸಮೀಪದವನು. ಆಕಾಶ್ ಶ್ರೀವತ್ಸ ನಿರ್ದೇಶಿಸಿ ರಮೇಶ್ ಅರವಿಂದ್ ನಟಿಸಿದ 'ಶಿವಾಜಿ ಸುರತ್ಕಲ್' (2020) ಇನ್ನೊಂದು ದಾರಿ ಹಿಡಿಯುತ್ತದೆ. ಇದರ ನಾಯಕ ತರುಣನಲ್ಲ, ಅನುಭವಿ ಪೊಲೀಸ್ ಅಧಿಕಾರಿ. ಪತ್ನಿಯನ್ನು ಕಳೆದುಕೊಂಡ ನೋವು ಅವನನ್ನು ಬೆನ್ನಟ್ಟುತ್ತದೆ. ಇದರ ಮುಂದಿನ ಭಾಗ 2023ರಲ್ಲಿ ತೆರೆಕಂಡಿತು.