ಸಾರ್ವಜನಿಕ ಸಂಪರ್ಕ: ನಂಬಿಕೆಯೇ ಬಂಡವಾಳವಾದ ವೃತ್ತಿ

ಸಂಜೆ ಐದು ಗಂಟೆಯ ನಂತರ ಯಾವುದೇ ದಿನಪತ್ರಿಕೆಯ ಕಚೇರಿಗೆ ಹೋದರೂ ಒಂದು ದೃಶ್ಯ ಸಾಮಾನ್ಯ. ಉಪಸಂಪಾದಕರ ಮುಂದೆ ಪತ್ರಿಕಾ ಪ್ರಕಟಣೆಗಳ ರಾಶಿ ಬಿದ್ದಿರುತ್ತದೆ. ಹಿಂದೆ ಅವು ಲಕೋಟೆಗಳಲ್ಲಿ ಬರುತ್ತಿದ್ದವು, ಬಳಿಕ ಫ್ಯಾಕ್ಸ್‌ನಲ್ಲಿ ಬಂದವು, ಈಗ ಇ-ಮೇಲ್ ಮತ್ತು ವಾಟ್ಸ್‌ಆ್ಯಪ್‌ಗಳಲ್ಲಿ ಬರುತ್ತಿವೆ. ಅವುಗಳಲ್ಲಿ ಬಹುಪಾಲು ಮೊದಲ ಸಾಲು ದಾಟುವ ಮುನ್ನವೇ ಬದಿಗೆ ಸರಿಯುತ್ತವೆ. ಆದರೆ ಕೆಲವೇ ಕೆಲವು ಹೆಸರುಗಳನ್ನು ಕಂಡೊಡನೆ ಉಪಸಂಪಾದಕರು ಪ್ರಕಟಣೆಯನ್ನು ತೆರೆದು ಓದುತ್ತಾರೆ. ‘ಇವರು ಕಳಿಸಿದ್ದರೆ ಅದರಲ್ಲಿ ಏನೋ ಸುದ್ದಿ ಇರುತ್ತದೆ, ಅಂಕಿಅಂಶ ತಪ್ಪಿರುವುದಿಲ್ಲ’ ಎಂಬ ಭರವಸೆಯೇ ಇದಕ್ಕೆ ಕಾರಣ. ಸಾರ್ವಜನಿಕ ಸಂಪರ್ಕ ವೃತ್ತಿಯಲ್ಲಿ ಯಶಸ್ಸು ಎಂದರೆ ಆ ಕೆಲವೇ ಹೆಸರುಗಳ ಪಟ್ಟಿಗೆ ಸೇರುವುದು.

ಪದವಿ ಮುಗಿಸಿದ ಅನೇಕ ತರುಣ ತರುಣಿಯರು ಇಂದು ಈ ಕ್ಷೇತ್ರದತ್ತ ಆಸಕ್ತಿಯಿಂದ ನೋಡುತ್ತಿದ್ದಾರೆ. ನಗುಮುಖ, ನಾಲ್ಕು ಜನರ ಪರಿಚಯ, ನಿರರ್ಗಳ ಇಂಗ್ಲಿಷ್ ಇದ್ದರೆ ಸಾಕು ಎಂಬ ಕಲ್ಪನೆ ಅವರಲ್ಲಿ ಹಲವರಿಗಿದೆ. ಇವೆಲ್ಲ ಉಪಯುಕ್ತವೇ ಹೌದು. ಆದರೆ ಈ ವೃತ್ತಿಯಲ್ಲಿ ಕೊನೆಯವರೆಗೂ ಉಳಿಯುವ ಬಂಡವಾಳ ಬೇರೆಯೇ ಇದೆ. ಅದನ್ನು ಅರಿತು ಪ್ರವೇಶಿಸುವವರಿಗೆ ಮಾತ್ರ ಇಲ್ಲಿ ಭವಿಷ್ಯವಿದೆ.

ಏನಿದು ಸಾರ್ವಜನಿಕ ಸಂಪರ್ಕ?

ಒಂದು ಸಂಸ್ಥೆ ಮತ್ತು ಅದಕ್ಕೆ ಸಂಬಂಧಿಸಿದ ಜನರ ನಡುವೆ ಪರಸ್ಪರ ತಿಳಿವಳಿಕೆಯನ್ನು ಬೆಳೆಸಿ ಕಾಪಾಡುವ ಕೆಲಸವೇ ಸಾರ್ವಜನಿಕ ಸಂಪರ್ಕ. ಇಲ್ಲಿ ಜನರು ಎಂದರೆ ಗ್ರಾಹಕರು ಮಾತ್ರವಲ್ಲ. ನೌಕರರು, ಷೇರುದಾರರು, ಕಾರ್ಖಾನೆಯ ಅಕ್ಕಪಕ್ಕದ ಗ್ರಾಮಸ್ಥರು, ಸರ್ಕಾರಿ ಅಧಿಕಾರಿಗಳು, ಪತ್ರಕರ್ತರು ಎಲ್ಲರೂ ಇದರಲ್ಲಿ ಸೇರುತ್ತಾರೆ.

ಜಾಹೀರಾತಿಗೂ ಇದಕ್ಕೂ ಇರುವ ವ್ಯತ್ಯಾಸವನ್ನು ಮೊದಲೇ ಸ್ಪಷ್ಟಪಡಿಸಿಕೊಳ್ಳಬೇಕು. ಜಾಹೀರಾತುದಾರ ಹಣ ಕೊಟ್ಟು ಪತ್ರಿಕೆಯಲ್ಲಿ ಜಾಗ ಪಡೆಯುತ್ತಾನೆ. ಅಲ್ಲಿ ಏನು ಹೇಳಬೇಕೆಂಬುದು ಅವನ ಇಚ್ಛೆ. ಸಾರ್ವಜನಿಕ ಸಂಪರ್ಕದವರು ಮಾಹಿತಿಯನ್ನು ಒದಗಿಸುತ್ತಾರೆ. ಅದನ್ನು ಪ್ರಕಟಿಸಬೇಕೇ, ಎಷ್ಟು ಪ್ರಕಟಿಸಬೇಕು ಎಂಬ ತೀರ್ಮಾನ ಸಂಪಾದಕರದ್ದು. ಆದ್ದರಿಂದಲೇ ಓದುಗರು ಜಾಹೀರಾತಿಗಿಂತ ಸುದ್ದಿಯನ್ನು ಹೆಚ್ಚು ನಂಬುತ್ತಾರೆ.

ಹುಟ್ಟಿನಲ್ಲೇ ಇದ್ದ ಪಾಠ

ಆಧುನಿಕ ಸಾರ್ವಜನಿಕ ಸಂಪರ್ಕದ ಇತಿಹಾಸದಲ್ಲಿ ಅಮೆರಿಕದ ಐವಿ ಲೀ ಅವರ ಹೆಸರು ಮೊದಲ ಸಾಲಿನಲ್ಲಿದೆ. ಪತ್ರಕರ್ತರಾಗಿದ್ದ ಅವರು 1906ರಲ್ಲಿ ಕಲ್ಲಿದ್ದಲು ಗಣಿ ಮಾಲೀಕರ ಪರವಾಗಿ ಕೆಲಸ ಮಾಡುವಾಗ ಪತ್ರಿಕೆಗಳಿಗೆ ತತ್ತ್ವಗಳ ಘೋಷಣೆಯೊಂದನ್ನು ಕಳುಹಿಸಿದರು. ತಮ್ಮ ಕೆಲಸ ಬಹಿರಂಗವಾದುದು, ತಾವು ಒದಗಿಸುವ ಮಾಹಿತಿ ನಿಖರವಾಗಿರುತ್ತದೆ, ಅದನ್ನು ಯಾರು ಬೇಕಾದರೂ ಪರಿಶೀಲಿಸಬಹುದು ಎಂಬುದು ಅದರ ಸಾರ. ಅದೇ ವರ್ಷ ಅಕ್ಟೋಬರ್‌ನಲ್ಲಿ ಅಟ್ಲಾಂಟಿಕ್ ಸಿಟಿಯಲ್ಲಿ ಪೆನ್ಸಿಲ್ವೇನಿಯಾ ರೈಲ್ವೆಯ ರೈಲೊಂದು ಸೇತುವೆಯಿಂದ ಉರುಳಿ ಐವತ್ತಕ್ಕೂ ಹೆಚ್ಚು ಮಂದಿ ಮೃತಪಟ್ಟರು. ಅಪಘಾತಗಳನ್ನು ಮುಚ್ಚಿಡುವುದು ರೈಲ್ವೆ ಕಂಪನಿಗಳ ಆಗಿನ ರೂಢಿ. ಲೀ ಅದನ್ನು ಮುರಿದು, ವಿವರಗಳನ್ನು ಪತ್ರಿಕೆಗಳಿಗೆ ನೀಡಿ, ವರದಿಗಾರರನ್ನು ಸ್ಥಳಕ್ಕೆ ಕರೆದೊಯ್ಯಲು ಏರ್ಪಾಡು ಮಾಡಿಸಿದರು. ಇಂದಿನ ಪತ್ರಿಕಾ ಪ್ರಕಟಣೆಯ ಮೂಲವನ್ನು ಹಲವರು ಈ ಘಟನೆಯಲ್ಲಿ ಕಾಣುತ್ತಾರೆ.

ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಇದೇ ಲೀ ಮುಂದೆ ಜರ್ಮನಿಯ ಐಜಿ ಫಾರ್ಬೆನ್ ಕಂಪನಿಗೆ ಸಲಹೆಗಾರರಾಗಿದ್ದ ಕಾರಣಕ್ಕೆ 1934ರಲ್ಲಿ ಅಮೆರಿಕ ಸಂಸತ್ತಿನ ಸಮಿತಿಯೊಂದರ ಮುಂದೆ ವಿಚಾರಣೆ ಎದುರಿಸಬೇಕಾಯಿತು. ನಾಜಿ ಆಡಳಿತದ ನೆರಳು ತಮ್ಮ ಹೆಸರಿಗೆ ಅಂಟಿಕೊಂಡಿರುವಾಗಲೇ ಅದೇ ವರ್ಷ ಅವರು ತೀರಿಕೊಂಡರು. ಸತ್ಯ ಹೇಳುವುದನ್ನು ವೃತ್ತಿಯ ತತ್ತ್ವವಾಗಿಸಿದವರ ಹೆಸರನ್ನೂ ತಪ್ಪು ಕಕ್ಷಿಯ ಆಯ್ಕೆ ಕೆಡಿಸಬಲ್ಲದು ಎಂಬುದನ್ನು ಈ ಕ್ಷೇತ್ರಕ್ಕೆ ಬರುವವರು ಮೊದಲ ದಿನವೇ ತಿಳಿದಿರಬೇಕು.

ಯಾವ ಬಾಗಿಲಿನಿಂದ ಪ್ರವೇಶ?

ನಮ್ಮ ರಾಜ್ಯದಲ್ಲಿ ಈ ವೃತ್ತಿಗೆ ಮುಖ್ಯವಾಗಿ ನಾಲ್ಕು ಬಾಗಿಲುಗಳಿವೆ.

ಮೊದಲನೆಯದು ಸರ್ಕಾರಿ ಸೇವೆ. ಬೆಂಗಳೂರಿನ ವಾರ್ತಾ ಸೌಧದಲ್ಲಿ ಕೇಂದ್ರ ಕಚೇರಿಯಿರುವ ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆಗೆ ಜಿಲ್ಲೆಗಳಲ್ಲೂ ಕಚೇರಿಗಳಿವೆ. ಕೇಂದ್ರ ಸರ್ಕಾರದಲ್ಲಿ ಪತ್ರಿಕಾ ಮಾಹಿತಿ ಕಾರ್ಯಾಲಯದಂತಹ ಸಂಸ್ಥೆಗಳನ್ನು ನಡೆಸುವವರು ಭಾರತೀಯ ಮಾಹಿತಿ ಸೇವೆಯ ಅಧಿಕಾರಿಗಳು. ಕೇಂದ್ರ ಲೋಕಸೇವಾ ಆಯೋಗದ ನಾಗರಿಕ ಸೇವಾ ಪರೀಕ್ಷೆಯ ಮೂಲಕ ಆ ಸೇವೆಗೆ ಪ್ರವೇಶವಿದೆ.

ಎರಡನೆಯದು ಸಾರ್ವಜನಿಕ ವಲಯ. ಬೆಂಗಳೂರು ಮೆಟ್ರೊ, ಸಾರಿಗೆ ನಿಗಮಗಳು, ವಿದ್ಯುತ್ ಸರಬರಾಜು ಕಂಪನಿಗಳು, ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿ ಹೊಂದಿರುವ ನೈಋತ್ಯ ರೈಲ್ವೆ ಮೊದಲಾದೆಡೆ ಸಾರ್ವಜನಿಕ ಸಂಪರ್ಕಾಧಿಕಾರಿಗಳು ಇರುತ್ತಾರೆ. ರೈಲು ರದ್ದಾದಾಗ, ವಿದ್ಯುತ್ ಕೈಕೊಟ್ಟಾಗ ಜನರಿಗೆ ಸರಿಯಾದ ಮಾಹಿತಿ ಸಮಯಕ್ಕೆ ಮುಟ್ಟುವುದು ಇವರ ಕಾರ್ಯಕ್ಷಮತೆಯನ್ನು ಅವಲಂಬಿಸಿದೆ.

ಮೂರನೆಯದು ಖಾಸಗಿ ಕಂಪನಿಗಳು, ಆಸ್ಪತ್ರೆಗಳು, ವಿಶ್ವವಿದ್ಯಾಲಯಗಳ ಸಂವಹನ ವಿಭಾಗ. 2013ರ ಕಂಪನಿ ಕಾಯ್ದೆಯ 135ನೇ ಕಲಮು ನಿಗದಿತ ಗಾತ್ರಕ್ಕಿಂತ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಯ ಕಾರ್ಯಗಳಿಗೆ ವ್ಯಯಿಸಬೇಕೆಂದು ವಿಧಿಸಿದೆ. ಈ ಕಾರ್ಯಗಳನ್ನು ಸ್ಥಳೀಯರೊಂದಿಗೆ ಸಮಾಲೋಚಿಸಿ ಜನರಿಗೆ ತಿಳಿಸುವ ಕೆಲಸವೂ ಅನೇಕ ಕಡೆ ಇದೇ ವಿಭಾಗದ ಪಾಲಿಗೆ ಬರುತ್ತದೆ.

ನಾಲ್ಕನೆಯದು ಸಾರ್ವಜನಿಕ ಸಂಪರ್ಕ ಏಜೆನ್ಸಿಗಳು. ಇವು ಹಲವು ಕಂಪನಿಗಳಿಂದ ತಿಂಗಳಿಗೆ ಇಂತಿಷ್ಟು ಎಂದು ಶುಲ್ಕ ಪಡೆದು ಅವುಗಳ ಪರವಾಗಿ ಕೆಲಸ ಮಾಡುತ್ತವೆ. ಹೊಸಬರಿಗೆ ಏಜೆನ್ಸಿಯೇ ಒಳ್ಳೆಯ ಪಾಠಶಾಲೆ. ಬೆಳಿಗ್ಗೆ ಔಷಧ ಕಂಪನಿ, ಮಧ್ಯಾಹ್ನ ಸಾಫ್ಟ್‌ವೇರ್ ಕಂಪನಿ, ಸಂಜೆ ಸೀರೆ ಅಂಗಡಿಯ ಕೆಲಸ ಎಂದು ನಾನಾ ಬಗೆಯ ವಿಷಯಗಳನ್ನು ಅಲ್ಲಿ ಬೇಗ ಕಲಿಯಬಹುದು. ಆದರೆ ದುಡಿಮೆ ಹೆಚ್ಚು, ಆರಂಭದ ಸಂಬಳ ಸಾಧಾರಣ ಎಂಬುದನ್ನು ಮರೆಯಬಾರದು.

ಏನು ಓದಬೇಕು?

ವಕೀಲರಿಗೆ, ವೈದ್ಯರಿಗೆ ಇರುವಂತೆ ಈ ವೃತ್ತಿಗೆ ಪರವಾನಗಿಯ ಕಟ್ಟುಪಾಡಿಲ್ಲ. ಪತ್ರಿಕೋದ್ಯಮ ಮತ್ತು ಸಮೂಹ ಸಂವಹನದ ಪದವಿ ಸಹಜವಾದ ಆಯ್ಕೆ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ 1951ರಲ್ಲೇ ಪತ್ರಿಕೋದ್ಯಮ ಬೋಧನೆ ಆರಂಭವಾಯಿತು. ಇಂದು ರಾಜ್ಯದ ಬಹುತೇಕ ಸಾಂಪ್ರದಾಯಿಕ ವಿಶ್ವವಿದ್ಯಾಲಯಗಳಲ್ಲಿ ಈ ವಿಭಾಗವಿದೆ. 1965ರಲ್ಲಿ ಸ್ಥಾಪನೆಯಾದ ದೆಹಲಿಯ ಭಾರತೀಯ ಸಮೂಹ ಸಂವಹನ ಸಂಸ್ಥೆ ಜಾಹೀರಾತು ಮತ್ತು ಸಾರ್ವಜನಿಕ ಸಂಪರ್ಕದ ಸ್ನಾತಕೋತ್ತರ ಡಿಪ್ಲೊಮಾಕ್ಕೆ ಹೆಸರಾಗಿದೆ. 1958ರಲ್ಲಿ ಆರಂಭವಾದ ಭಾರತೀಯ ಸಾರ್ವಜನಿಕ ಸಂಪರ್ಕ ಸಂಘ ಪ್ರತಿವರ್ಷ ಏಪ್ರಿಲ್ 21ನ್ನು ರಾಷ್ಟ್ರೀಯ ಸಾರ್ವಜನಿಕ ಸಂಪರ್ಕ ದಿನವಾಗಿ ಆಚರಿಸುತ್ತದೆ. ಇಂತಹ ಸಂಘಗಳ ಸಭೆಗಳಿಗೆ ಹೋಗುವ ವಿದ್ಯಾರ್ಥಿಗಳಿಗೆ ಹಿರಿಯರ ಪರಿಚಯ ಸುಲಭವಾಗಿ ದೊರೆಯುತ್ತದೆ.

ಅರ್ಥಶಾಸ್ತ್ರ, ವಿಜ್ಞಾನ, ಕಾನೂನು ಓದಿದವರಿಗೂ ಇಲ್ಲಿ ಬೇಡಿಕೆಯಿದೆ. ಕಂಪನಿಯ ಲಾಭ ನಷ್ಟದ ಪಟ್ಟಿಯನ್ನು ಓದಲು ಬಾರದವರು ಅದರ ಬಗ್ಗೆ ಪತ್ರಕರ್ತರಿಗೆ ಏನು ತಾನೆ ವಿವರಿಸಿಯಾರು?

ಕನ್ನಡವೇ ಬಲ

ಪ್ರಾದೇಶಿಕ ಪತ್ರಿಕೆಗಳ ಡೆಸ್ಕ್‌ಗೆ ಬರುವ ಅನೇಕ ಪ್ರಕಟಣೆಗಳು ಇಂಗ್ಲಿಷ್‌ನಲ್ಲಿ ಹುಟ್ಟಿ, ಯಾಂತ್ರಿಕವಾಗಿ ಕನ್ನಡಕ್ಕೆ ತಿರುಗಿದವು. ‘ನಮ್ಮ ಪ್ರತಿಷ್ಠಿತ ಆಸ್ಪತ್ರೆಯು ವಿಶ್ವದರ್ಜೆಯ ಆರೋಗ್ಯ ಪರಿಹಾರಗಳನ್ನು ಒದಗಿಸುವ ತನ್ನ ಬದ್ಧತೆಯ ಭಾಗವಾಗಿ ನೂತನ ಡಯಾಲಿಸಿಸ್ ಘಟಕವನ್ನು ಅನಾವರಣಗೊಳಿಸಲು ಹರ್ಷಿಸುತ್ತದೆ’ ಎಂಬಂತಹ ವಾಕ್ಯವನ್ನು ಯಾವ ಓದುಗನೂ ಓದಲಾರ. ಅದನ್ನೇ, ‘ತಾಲ್ಲೂಕಿನ ಮೂತ್ರಪಿಂಡ ರೋಗಿಗಳು ಡಯಾಲಿಸಿಸ್‌ಗಾಗಿ ಇನ್ನು ಜಿಲ್ಲಾ ಕೇಂದ್ರಕ್ಕೆ ಹೋಗಬೇಕಿಲ್ಲ. ಎಂಟು ಹಾಸಿಗೆಗಳ ಘಟಕ ಸೋಮವಾರದಿಂದ ಇಲ್ಲೇ ಕೆಲಸ ಆರಂಭಿಸಲಿದೆ’ ಎಂದು ಬರೆದರೆ ಅದು ಸುದ್ದಿಯಾಗುತ್ತದೆ. ಮೊದಲ ವಾಕ್ಯದಲ್ಲಿ ಆಸ್ಪತ್ರೆ ತನ್ನನ್ನು ತಾನೇ ಹೊಗಳಿಕೊಂಡಿದೆ. ಎರಡನೆಯದರಲ್ಲಿ ರೋಗಿಗೆ ಬೇಕಾದ ಮಾಹಿತಿಯಿದೆ.

ಈ ಎರಡನೆಯ ವಾಕ್ಯವನ್ನು ಬರೆಯಬಲ್ಲವರು ವಿರಳ. ಕನ್ನಡ ಮಾಧ್ಯಮದಲ್ಲಿ ಓದಿದವರು ಕೀಳರಿಮೆಯಿಂದ ಹಿಂಜರಿಯಬೇಕಾದ ಕ್ಷೇತ್ರ ಇದಲ್ಲ. ಕೆಲಸಕ್ಕೆ ಬೇಕಾದಷ್ಟು ಇಂಗ್ಲಿಷನ್ನು ದುಡಿದು ಕಲಿತು, ಕನ್ನಡವನ್ನು ಹರಿತವಾಗಿ ಉಳಿಸಿಕೊಂಡವರಿಗೆ ರಾಜ್ಯದೆಲ್ಲೆಡೆ ಅವಕಾಶವಿದೆ. ಇಂದು ಕೃತಕ ಬುದ್ಧಿಮತ್ತೆಯ ಸಾಧನಗಳು ಕ್ಷಣಾರ್ಧದಲ್ಲಿ ಕರಡು ಪ್ರಕಟಣೆಯನ್ನು ಸಿದ್ಧಪಡಿಸಿಕೊಡುತ್ತವೆ. ಆದರೆ ಅದರಲ್ಲಿರುವ ಅಂಕಿ ಸರಿಯೇ, ಹೆಸರು ಸರಿಯೇ, ಈ ಮಾತು ಈ ಊರಿನ ಜನರಿಗೆ ನಾಟೀತೇ ಎಂದು ನೋಡಿ ಹೊಣೆ ಹೊರುವವರು ಮನುಷ್ಯರೇ ಆಗಿರಬೇಕು.

ಮೊದಲ ಐದು ವರ್ಷ

ಹೊಸಬರ ದಿನಚರಿಯಲ್ಲಿ ವೈಭವವೇನೂ ಇರುವುದಿಲ್ಲ. ಬೆಳಿಗ್ಗೆ ಪತ್ರಿಕೆಗಳನ್ನು ಓದಿ ಸಂಬಂಧಪಟ್ಟ ಸುದ್ದಿಗಳನ್ನು ಕತ್ತರಿಸಿ ವರದಿ ಮಾಡುವುದು, ವರದಿಗಾರರ ಪಟ್ಟಿಯನ್ನು ಪರಿಷ್ಕರಿಸುವುದು, ಪತ್ರಿಕಾಗೋಷ್ಠಿಯಲ್ಲಿ ಕುರ್ಚಿ ಎಣಿಸುವುದೂ ಕೆಲಸವೇ. ಈ ಅವಧಿಯಲ್ಲಿ ಮೂರು ಅಭ್ಯಾಸಗಳನ್ನು ರೂಢಿಸಿಕೊಳ್ಳಬೇಕು.

ಒಂದು, ಪ್ರತಿದಿನ ಬರೆಯುವುದು. ಎರಡು, ಪತ್ರಕರ್ತರ ಸಮಯವನ್ನು ಗೌರವಿಸುವುದು. ಸಂಚಿಕೆ ಮುಗಿಸುವ ಹೊತ್ತಿನಲ್ಲಿ ಕರೆಮಾಡಿ ‘ನಮ್ಮ ಸುದ್ದಿ ನಾಳೆ ಬರುತ್ತದೆಯೇ ಸಾರ್?’ ಎಂದು ಕೇಳುವವರನ್ನು ಯಾವ ಡೆಸ್ಕ್ ಕೂಡ ಇಷ್ಟಪಡುವುದಿಲ್ಲ. ಮೂರು, ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ಹೇಳಿ, ಅರ್ಧ ಗಂಟೆಯಲ್ಲಿ ವಿಚಾರಿಸಿ ತಿಳಿಸುವುದು. ಒಮ್ಮೆ ಸುಳ್ಳು ಹೇಳಿ ಸಿಕ್ಕಿಬಿದ್ದ ಸಂಪರ್ಕಾಧಿಕಾರಿಯ ಮುಂದಿನ ಹತ್ತು ನಿಜಗಳನ್ನೂ ವರದಿಗಾರರು ಅನುಮಾನದಿಂದಲೇ ನೋಡುತ್ತಾರೆ.

ಬಿಕ್ಕಟ್ಟೇ ಪರೀಕ್ಷೆ

ಈ ನಂಬಿಕೆಯ ನಿಜವಾದ ಬೆಲೆ ತಿಳಿಯುವುದು ಸಂಕಟದ ದಿನ. 1982ರಲ್ಲಿ ಅಮೆರಿಕದ ಷಿಕಾಗೊ ಸುತ್ತಮುತ್ತ ಟೈಲೆನಾಲ್ ಮಾತ್ರೆಗಳಲ್ಲಿ ಯಾರೋ ಸಯನೈಡ್ ಬೆರೆಸಿದ್ದರಿಂದ ಏಳು ಮಂದಿ ಸತ್ತರು. ಜಾನ್ಸನ್ ಅಂಡ್ ಜಾನ್ಸನ್ ಕಂಪನಿ ಸಾರ್ವಜನಿಕರಿಗೆ ಬಹಿರಂಗ ಎಚ್ಚರಿಕೆ ನೀಡಿ, ಸುಮಾರು 3.1 ಕೋಟಿ ಬಾಟಲಿಗಳನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯಿತು. ಬಳಿಕ ಯಾರೂ ತೆರೆದಿಲ್ಲವೆಂಬುದು ತಿಳಿಯುವಂತಹ ಮುದ್ರೆಯೊಡನೆ ಮಾತ್ರೆಗಳನ್ನು ಮತ್ತೆ ಮಾರಾಟಕ್ಕೆ ತಂದಿತು. ಜನ ಮತ್ತೆ ಕೊಂಡರು.

ನಮ್ಮಲ್ಲಿ 2015ರ ಮ್ಯಾಗಿ ಪ್ರಕರಣ ಬೇರೊಂದು ಪಾಠ ಹೇಳುತ್ತದೆ. ನೂಡಲ್ಸ್‌ನಲ್ಲಿ ಸೀಸದ ಅಂಶದ ಕುರಿತು ಮೇ ತಿಂಗಳಿಡೀ ಸುದ್ದಿ ಹಬ್ಬುತ್ತಿತ್ತು. ನೆಸ್ಲೆಯ ಜಾಗತಿಕ ಮುಖ್ಯಸ್ಥರು ದೆಹಲಿಯಲ್ಲಿ ಪತ್ರಿಕಾಗೋಷ್ಠಿ ನಡೆಸಿದ್ದು ಜೂನ್ 5ರಂದು. ಅಷ್ಟರಲ್ಲಿ ಹಲವು ರಾಜ್ಯಗಳು ಮಾರಾಟ ನಿಲ್ಲಿಸಿದ್ದವು. ಆಹಾರ ಸುರಕ್ಷತಾ ಪ್ರಾಧಿಕಾರದ ರಾಷ್ಟ್ರವ್ಯಾಪಿ ಆದೇಶವೂ ಅದೇ ದಿನ ಹೊರಬಿತ್ತು. ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟ್ ಆ ಆದೇಶವನ್ನು ರದ್ದುಪಡಿಸಿತು. ನಂಜನಗೂಡು ಸೇರಿದಂತೆ ಮೂರು ಕಾರ್ಖಾನೆಗಳಲ್ಲಿ ಉತ್ಪಾದನೆ ಪುನರಾರಂಭವಾಗಿ ನವೆಂಬರ್‌ನಲ್ಲಿ ಮ್ಯಾಗಿ ಮತ್ತೆ ಅಂಗಡಿಗೆ ಬಂತು. ನ್ಯಾಯಾಲಯದಲ್ಲಿ ಗೆದ್ದರೂ, ತಡವಾಗಿ ಬಾಯಿಬಿಟ್ಟ ಕಾರಣಕ್ಕೆ ಕಂಪನಿ ಟೀಕೆಗೆ ಗುರಿಯಾಯಿತು. ತಾಯಂದಿರು ಅಂಗಡಿಯಲ್ಲಿ ಪೊಟ್ಟಣ ಹಿಡಿದು ಯೋಚಿಸುತ್ತಿದ್ದ ಆ ದಿನಗಳಲ್ಲಿ ಅವರಿಗೆ ಅರ್ಥವಾಗುವ ಉತ್ತರ ಬೇಕಿತ್ತು. ಪ್ರಯೋಗಾಲಯದ ವರದಿ ಸರಿಯಾಗಿದ್ದರೆ ಸಾಲದು, ಅದು ಸಮಯಕ್ಕೆ ಜನರಿಗೆ ಮುಟ್ಟಬೇಕು.

ಗೆರೆ ಎಲ್ಲಿದೆ?

ಈ ವೃತ್ತಿಯಲ್ಲಿ ಪ್ರಲೋಭನೆಗಳೂ ಕಡಿಮೆಯಿಲ್ಲ. ಹಣ ಕೊಟ್ಟು ಜಾಹೀರಾತನ್ನು ಸುದ್ದಿಯಂತೆ ಪ್ರಕಟಿಸುವ ‘ಪೇಯ್ಡ್ ನ್ಯೂಸ್’ ಪಿಡುಗಿನ ಬಗ್ಗೆ ಭಾರತೀಯ ಪತ್ರಿಕಾ ಮಂಡಳಿ 2010ರಲ್ಲೇ ವರದಿ ನೀಡಿದೆ. ಜಾಹೀರಾತು ಗುಣಮಟ್ಟ ಮಂಡಳಿ 2021ರಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ ಸಾಮಾಜಿಕ ಜಾಲತಾಣದ ಪ್ರಭಾವಿಗಳು ಹಣ ಪಡೆದು ಪ್ರಚಾರ ಮಾಡುವಾಗ ಅದನ್ನು ಸ್ಪಷ್ಟವಾಗಿ ತಿಳಿಸಬೇಕು. ಷೇರುಪೇಟೆಯಲ್ಲಿ ನೋಂದಾಯಿತವಾದ ಕಂಪನಿಯ ಫಲಿತಾಂಶ ಪ್ರಕಟಣೆಗೆ ಮುನ್ನವೇ ಸಂಪರ್ಕಾಧಿಕಾರಿಯ ಕೈ ಸೇರುವುದುಂಟು. ಆ ಮಾಹಿತಿಯ ಆಧಾರದಲ್ಲಿ ತಾನು ಷೇರು ಕೊಳ್ಳುವುದು ಅಥವಾ ಮಿತ್ರರಿಗೆ ಸುಳಿವು ಕೊಡುವುದು ಸೆಬಿಯ 2015ರ ಒಳವ್ಯಾಪಾರ ತಡೆ ನಿಯಮಗಳ ಪ್ರಕಾರ ಅಪರಾಧ.

ಗೆರೆ ದಾಟಿದವರಿಗೆ ಏನಾಗುತ್ತದೆ ಎಂಬುದಕ್ಕೆ ಲಂಡನ್ನಿನ ಬೆಲ್ ಪಾಟಿಂಜರ್ ನಿದರ್ಶನ. ದಕ್ಷಿಣ ಆಫ್ರಿಕಾದಲ್ಲಿ ಗುಪ್ತಾ ಸಹೋದರರ ಕಂಪನಿಯೊಂದರ ಪರವಾಗಿ ಜನಾಂಗೀಯ ದ್ವೇಷ ಕೆರಳಿಸುವ ಪ್ರಚಾರ ನಡೆಸಿದ್ದಕ್ಕಾಗಿ ಬ್ರಿಟನ್ನಿನ ವೃತ್ತಿಸಂಘ 2017ರ ಸೆಪ್ಟೆಂಬರ್‌ನಲ್ಲಿ ಅದನ್ನು ಹೊರಹಾಕಿತು. ಗ್ರಾಹಕರು ಒಬ್ಬೊಬ್ಬರಾಗಿ ದೂರವಾದರು. ಕೆಲವೇ ದಿನಗಳಲ್ಲಿ ಆ ಪ್ರಖ್ಯಾತ ಏಜೆನ್ಸಿ ಕುಸಿಯಿತು. ಪ್ರಚಾರದಲ್ಲಿ ಭಾಗವಹಿಸದ ಸಾಮಾನ್ಯ ನೌಕರರೂ ಕೆಲಸ ಕಳೆದುಕೊಂಡರು.

ಆಯ್ಕೆಗೆ ಮುನ್ನ

ಈ ವೃತ್ತಿಯನ್ನು ಆರಿಸಿಕೊಳ್ಳುವವರು ತಮ್ಮನ್ನು ತಾವು ಕೆಲವು ಪ್ರಶ್ನೆ ಕೇಳಿಕೊಳ್ಳುವುದು ಒಳಿತು. ದಿನವೂ ನಾಲ್ಕಾರು ಪತ್ರಿಕೆ ಓದುವ ಆಸಕ್ತಿ ಇದೆಯೇ? ತನ್ನ ಹೆಸರಿಲ್ಲದೆ ಅಚ್ಚಾಗುವ ಬರಹಕ್ಕೆ ಶ್ರಮಿಸುವ ತಾಳ್ಮೆ ಇದೆಯೇ? ಮೇಲಧಿಕಾರಿ ‘ಇದನ್ನು ಮುಚ್ಚಿಬಿಡಿ’ ಎಂದಾಗ, ‘ಸಾರ್, ಇದು ನಾಳೆ ಹೊರಬಿದ್ದೇ ಬೀಳುತ್ತದೆ, ನಾವೇ ಹೇಳಿಬಿಡೋಣ’ ಎನ್ನುವ ಧೈರ್ಯ ಇದೆಯೇ? ಕೊನೆಯ ಪ್ರಶ್ನೆಗೆ ಉತ್ತರ ಕೊಡುವುದು ಸುಲಭವಲ್ಲ. ಮನೆ ಬಾಡಿಗೆ, ಸಾಲದ ಕಂತು ತಲೆಯ ಮೇಲಿರುವಾಗ ಆ ಮಾತು ಇನ್ನೂ ಕಷ್ಟ. ಆದರೆ ಹಾಗೆ ಹೇಳಬಲ್ಲವರನ್ನೇ ಬಿಕ್ಕಟ್ಟಿನ ದಿನ ಮಾಲೀಕರು ಮೊದಲು ಕರೆಯುತ್ತಾರೆ, ಪತ್ರಕರ್ತರು ಮೊದಲು ಕೇಳುತ್ತಾರೆ.

ಸಂಜೆ ಉಪಸಂಪಾದಕರು ಯಾರ ಪ್ರಕಟಣೆಯನ್ನು ತೆರೆದು ಓದುತ್ತಾರೆ ಎಂಬುದು ಒಂದು ದಿನದಲ್ಲಿ ತೀರ್ಮಾನವಾಗುವುದಿಲ್ಲ. ವರ್ಷಗಟ್ಟಲೆ ಕಳುಹಿಸಿದ ಸಣ್ಣಪುಟ್ಟ ಪ್ರಕಟಣೆಗಳಲ್ಲಿ ಇದ್ದ ನಿಖರತೆಯೇ ಅದನ್ನು ತೀರ್ಮಾನಿಸುತ್ತದೆ. ಅದಕ್ಕೆ ಬೇಕಾದ ಅಭ್ಯಾಸವನ್ನು ವಿದ್ಯಾರ್ಥಿ ದೆಸೆಯಲ್ಲೇ, ತಮ್ಮ ಕಾಲೇಜಿನ ಒಂದು ಸಮಾರಂಭದ ವರದಿಯನ್ನು ತಪ್ಪಿಲ್ಲದೆ ಬರೆದು ಪತ್ರಿಕೆಗೆ ಕಳುಹಿಸುವ ಮೂಲಕ, ಯಾರು ಬೇಕಾದರೂ ಆರಂಭಿಸಬಹುದು.