ಕರುಳಿನ ಗೋಡೆಯೂ ಕರಿಮೆಣಸೂ

“ತಿಂದದ್ದೆಲ್ಲ ಮೈಗೆ ಹತ್ತುವುದಿಲ್ಲ” ಎಂಬ ಮಾತು ನಮ್ಮ ಸಖರಾಯಪಟ್ಟಣದ ಮನೆಗಳಲ್ಲಿ ಈಗಲೂ ಕೇಳಿಬರುತ್ತದೆ. ಶರೀರಶಾಸ್ತ್ರದ ಒಂದು ತತ್ತ್ವವೇ ಇದರಲ್ಲಿ ಅಡಗಿದೆ. ಉಂಡ ಅನ್ನವು ಕರುಳಿನ ಗೋಡೆಯನ್ನು ದಾಟುವವರೆಗೆ, ಹೊಟ್ಟೆಯೊಳಗಿದ್ದರೂ, ಶರೀರಕ್ಕೆ ಹೊರಗಿನದೇ ಸರಿ.

ಸಣ್ಣ ಕರುಳಿನ ಒಳಮೈಯನ್ನು ಒಂದೇ ಪದರದ ಜೀವಕೋಶಗಳು ಹೊದ್ದಿರುವುವು. ಅವುಗಳ ನೆತ್ತಿಯ ಮೇಲೆ ಕುಂಚದ ಕೂದಲಿನಂತೆ ಅತಿ ಸೂಕ್ಷ್ಮವಾದ ಎಳೆಗಳು ಒತ್ತಾಗಿ ನಿಂತಿವೆ. ಜೀರ್ಣವಾದ ಆಹಾರದ ಅಣುಗಳು ಒಳಹೋಗತಕ್ಕದ್ದು ಇಲ್ಲಿಯೇ. ಕೊಬ್ಬಿನಲ್ಲಿ ಕರಗುವ ಅಣುಗಳು ಕೋಶದ ಪೊರೆಯಲ್ಲಿ ತಾವಾಗಿ ನುಸುಳುವುವು. ಸಕ್ಕರೆಯಂಥವನ್ನು ಪೊರೆಯಲ್ಲಿರುವ ವಾಹಕಗಳು ದಾಟಿಸುವುವು. ಒಳಬಂದುದೆಲ್ಲ ರಕ್ತದಲ್ಲಿ ನಿಲ್ಲುವುದೆಂದೂ ತಿಳಿಯಬಾರದು. ಕೆಲವನ್ನು ಕರುಳಿನ ಕೋಶಗಳೂ ಯಕೃತ್ತೂ ರೂಪಾಂತರಗೊಳಿಸಿ ಹೊರದೂಡುತ್ತವೆ.

ಅರಿಸಿನದ ಸತ್ತ್ವವಾದ ಕರ್ಕ್ಯುಮಿನ್ನಿನ ಪಾಡು ಇದೇ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು 1998ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಆರೋಗ್ಯವಂತರಿಗೆ 2 ಗ್ರಾಂ ಕರ್ಕ್ಯುಮಿನ್ ಮಾತ್ರ ಕೊಟ್ಟಾಗ ರಕ್ತದಲ್ಲಿ ಅದು ಕಂಡದ್ದು ಅತ್ಯಲ್ಪ. ಮೆಣಸಿನ ಖಾರದ ಸತ್ತ್ವವಾದ ಪೈಪರೀನನ್ನು 20 ಮಿಲಿಗ್ರಾಂ ಕೂಡಿಸಲು, ಅದು ಸುಮಾರು 20 ಮಡಿ ಹೆಚ್ಚಿತು. ಹೊರದೂಡುವ ಕೆಲಸಕ್ಕೆ ಪೈಪರೀನ್ ಅಡ್ಡಬರುವುದೇ ಇದಕ್ಕೆ ಮುಖ್ಯ ಕಾರಣವೆನ್ನುತ್ತಾರೆ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯವರು ಮೆಣಸು, ಶುಂಠಿ ಮೊದಲಾದುವನ್ನು ಇಲಿಗಳಿಗೆ ಎಂಟು ವಾರ ತಿನ್ನಿಸಿ, ಕರುಳಿನ ಆ ಎಳೆಗಳು ನೀಳವಾದುದನ್ನೂ ಪೊರೆಯ ಬಿಗಿ ಸಡಿಲಿದುದನ್ನೂ 2010ರಲ್ಲಿ ತಿಳಿಸಿದರು.

ಬಾಗಿಲು ಸಡಿಲಿದರೆ ಬೇಕಾದವರೂ ಬರುವರು, ಬೇಡವಾದವರೂ ಬರುವರು. ಈಚೆಗೆ ನಮ್ಮ ನೆರೆಯವರೊಬ್ಬರು ಅರಿಸಿನ ಮೆಣಸುಗಳ ಸತ್ತ್ವದ ಗುಳಿಗೆಗಳನ್ನು ತಂದು ತೋರಿಸಿ, “ಅಡಿಗೆಮನೆಯ ಪದಾರ್ಥ ತಾನೇ ಮೇಷ್ಟ್ರೇ, ಏನಾದೀತು?” ಎಂದರು. ಅವರು ಮೂರ್ಛೆರೋಗಕ್ಕಾಗಿ ಫೆನಿಟಾಯಿನ್ ಎಂಬ ಔಷಧವನ್ನು ಬಹುಕಾಲದಿಂದ ಸೇವಿಸತಕ್ಕವರು. ಪೈಪರೀನಿನೊಡನೆ ಕೊಟ್ಟಾಗ ಆ ಔಷಧವು ರಕ್ತದಲ್ಲಿ ಹೆಚ್ಚುವುದೆಂದು 1987ರಲ್ಲಿಯೇ ಪ್ರಕಟವಾಗಿದೆ. ಅದು ಮಿತಿಮೀರಿದರೆ ತಲೆ ತಿರುಗಿ ಹೆಜ್ಜೆ ತಪ್ಪುವುದು. ಮೊದಲು ವೈದ್ಯರಿಗೆ ತೋರಿಸಿರೆಂದು ನಾವು ಹೇಳಿದೆವು. ವೈದ್ಯರು ಬೇಡವೆಂದರು.

ಮೆಣಸಿನ ಬಂಧುವಾದ ಹಿಪ್ಪಲಿಯಲ್ಲಿಯೂ ಪೈಪರೀನ್ ಉಂಟು. ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಹಿಪ್ಪಲಿಯನ್ನು ಯೋಗವಾಹಿ, ಎಂದರೆ ಜತೆಗೂಡಿದ ದ್ರವ್ಯದ ಗುಣವನ್ನು ಹೊತ್ತೊಯ್ಯುವುದು, ಎಂದು ಕರೆದಿದೆ. ಹಿಪ್ಪಲಿ, ಕ್ಷಾರ, ಉಪ್ಪು ಈ ಮೂರನ್ನು ಅತಿಯಾಗಿ ಸೇವಿಸಬಾರದೆಂದು ಅಲ್ಲಿಯೇ ವಿಧಿಸಿದೆ. ಸಾರಿಗೆ ಹಾಕುವ ನಾಲ್ಕು ಕಾಳು ಮೆಣಸಿಗೆ ಯಾರೂ ಅಂಜಬೇಕಾದುದಿಲ್ಲ. ಸತ್ತ್ವ ತೆಗೆದು ಮಾಡಿದ ಗುಳಿಗೆಗಳನ್ನಾದರೋ, ನಿತ್ಯವೂ ಔಷಧ ಸೇವಿಸುವವರು ತಮ್ಮ ವೈದ್ಯರನ್ನು ಕೇಳದೆ ಮುಟ್ಟದಿರಲಿ.